ರೋಬೋ ಮಗುವಿನ ಬಗ್ಗೆ ನಮ್ಮತ್ತೆಯ ವಿಚಾರಣೆ

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಸಿನಿಮಾ ನೋಡುವುದಿಲ್ಲ, ವಿಚಾರಣೆ ನಡೆಸುತ್ತಾರೆ! ತಮ್ಮ ತೀರ್ಪನ್ನು ಮಾತ್ರ ಹೇಳುವವರಲ್ಲ. ಸಿಕ್ಕಸಿಕ್ಕವರನ್ನು ಸಾಕ್ಷಿ ಕೇಳುತ್ತಾರೆ. ಒಮ್ಮೆ ಯಾವುದೋ ಕಳ್ಳನ ಸಿನಿಮಾ ನೋಡಿ ಬಂದವರು, ಅದರಲ್ಲಿ ಪೊಲೀಸಿನವನು ಮೂರನೇ ಮನೆಯನ್ನು ಯಾಕೆ ಹುಡುಕಲಿಲ್ಲ ಎಂದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ನಿಜವಾದ ಪೇದೆಯೊಬ್ಬರನ್ನು ನಿಲ್ಲಿಸಿ ಕೇಳಿದ್ದರು. ಪಾಪ, ಆತ ಕ್ಷಮೆ ಕೇಳಿದ!

ರಜೆಗೆ ಬಂದಾಗ ಇಂಥವರನ್ನು ಚಿಂತಾಮಣಿಗೆ ರೋಬೋ ಮಗುವಿನ ಸಿನಿಮಾಕ್ಕೆ ಕರೆದುಕೊಂಡು ಹೋದವಳು ನಾನೇ. ಮಧ್ಯಾಹ್ನದ ಆಟ, ತೆಲುಗು ಮಾತಾಡುವ ರೋಬೋ. ಮಕ್ಕಳಿಲ್ಲದ ಹೆಂಗಸೊಬ್ಬಳು ಕಂಪನಿಯಿಂದ ಯಂತ್ರದ ಮಗುವೊಂದನ್ನು ಇಂತಿಷ್ಟು ವರ್ಷದ ಗಡುವಿಗೆ ತಂದು ಸಾಕುತ್ತಾಳೆ.

"ಏನೂ ತಿನ್ನಲ್ವಲ್ಲೇ ಇದು! ತುತ್ತು ಇಡದೆ ಅದೆಂಗೆ ಸಾಕ್ತಾಳೆ?" ಎಂದು ಅತ್ತೆ ಆರಂಭದಲ್ಲೇ ಆಕ್ಷೇಪ ಎತ್ತಿದರು.

ಗಡುವು ಮುಗಿದ ದಿನ ಕಂಪನಿಯ ವ್ಯಾನು ಬರುತ್ತದೆ. ಹೆಂಗಸು ಮಗುವನ್ನು ವ್ಯಾನಿಗೆ ಹತ್ತಿಸಿ, ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮಗು ಕಿಟಕಿಯಿಂದ ಆ ಬಾಗಿಲನ್ನೇ ನೋಡುತ್ತಿರುತ್ತದೆ. ಟಾಕೀಸಿನ ತುಂಬ ಮೂಗೆಳೆಯುವ ಸದ್ದು. ಅತ್ತೆ ಅಳಲಿಲ್ಲ. ಪಕ್ಕದ ಸೀಟಿನ ಹೆಂಗಸಿನ ಭುಜ ತಟ್ಟಿದರು.

"ಯಾಕಮ್ಮ ಅಳ್ತೀಯ? ಅವಳು ಮಾಡಿದ್ದು ತಪ್ಪು ಅಂತಲೋ, ಸರಿ ಅಂತಲೋ?"

"ಅದೆಲ್ಲಾ ಗೊತ್ತಿಲ್ಲಕ್ಕ. ಅಳು ಬಂತು, ಅಷ್ಟೇ. ಸುಮ್ನಿರಿ, ಹಾಡು ಬರ್ತೈತೆ!"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ಹುಟ್ಟಿದ ಮೇಲೆ ಅಮ್ಮ ಬಹಳ ಕಾಲ ಹಾಸಿಗೆ ಹಿಡಿದಿದ್ದರು. ಎಂಟು ತಿಂಗಳ ನನ್ನನ್ನು ಅತ್ತೆ ಶಿಡ್ಲಘಟ್ಟದ ಬಳಿಯ ತಮ್ಮ ಮನೆಗೆ ತಂದು ಸಾಕಿದರು. ಏಳು ವರ್ಷ ತುಂಬಿದಾಗ ಅಪ್ಪ ಬಂದು ಗೌರಿಬಿದನೂರಿಗೆ ಕರೆದುಕೊಂಡು ಹೋದರು. ಬಸ್ಸಿನವರೆಗೂ ಅತ್ತೆ ಬರಲಿಲ್ಲ. "ಹುಳು ಹಣ್ಣಾಗೈತೆ, ಎಲೆ ಹಾಕ್ಬೇಕು" ಎಂದು ರೇಷ್ಮೆಹುಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ನಾವಿಬ್ಬರೂ ಆ ದಿನದ ಮಾತೆತ್ತಿದವರಲ್ಲ. ಟಿಕೆಟ್ ಕೊಳ್ಳುವಾಗ ನನಗೆ ಸಿನಿಮಾದ ಕಥೆ ಗೊತ್ತಿರಲಿಲ್ಲ.

ವಿಚಾರಣೆ ಮುಂದುವರಿಯಿತು. ಟಾಕೀಸಿನ ಗೇಟಿನವರು ಹೇಳಿದರು: "ಒಳಗೇನಾಗ್ತೈತೋ ನಂಗೊತ್ತಿಲ್ಲಮ್ಮ. ಹೊರಗೆ ಬರೋರ ಮುಖ ನೋಡಿದ್ರೆ ಹೀರೋ ಸತ್ತಿರ್ಬೇಕು."

ಬಸ್ಸಿನಲ್ಲಿ ಕಂಡಕ್ಟರ್ ಪೂರ್ತಿ ಕಥೆ ಕೇಳಿಸಿಕೊಂಡು, "ಸ್ಟಾಪ್ ಬಂದ್ಮೇಲೆ ಇಳಿಸ್ಬೇಕಲ್ವಾ ಅಮ್ಮ?" ಎಂದ. ಅತ್ತೆ ಊರು ಬರುವವರೆಗೆ ಅವನ ಕಡೆ ತಿರುಗಿ ನೋಡಲಿಲ್ಲ. ಟಿಕೆಟ್ಟನ್ನೂ ನನ್ನ ಕೈಯಿಂದಲೇ ತೆಗೆಸಿದರು!

ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಬರುವ ಪಕ್ಕದ ಮನೆಯ ಅಕ್ಕನ ಮನೆಮಾತು ತೆಲುಗು. ಅವರಂತೂ ಕುಡುಗೋಲು ಕೆಳಗಿಟ್ಟು ಕೂತರು. "ಅನ್ನ ಕೇಳಲ್ಲ, ಬಟ್ಟೆ ಗಲೀಜು ಮಾಡಲ್ಲ, ಎದುರು ಮಾತಾಡಲ್ಲ. ಅಯ್ಯೋ ದೇವುಡಾ, ಅಂಥದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ? ನಮ್ಮನೇಲಿ ಎರಡಿವೆ, ತಗೊಂಡೋಗಕ್ಕೆ ಹೇಳು ಆ ಕಂಪನಿಗೆ!"

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅತ್ತೆಗೆ ಪರಿಚಯದ ಹಿರಿಯರೊಬ್ಬರು ಗಂಭೀರವಾಗಿ ಯೋಚಿಸಿ, "ಚಾರ್ಜು ಎಷ್ಟೊತ್ತು ನಿಲ್ಲುತ್ತೆ?" ಎಂದು ಕೇಳಿದರು.

ಹೀಗೆ ವಾರವಿಡೀ ಊರೆಲ್ಲ ಅಭಿಪ್ರಾಯ ಹೇಳಿತು. ಜೊತೆಗೆ ಕೂತು ಸಿನಿಮಾ ನೋಡಿದವಳು ನಾನು. ನನ್ನನ್ನು ಮಾತ್ರ ಅತ್ತೆ ಕೇಳಲಿಲ್ಲ. ನಾನಾಗಿ ಹೇಳುವ ಸ್ವಭಾವ ನನ್ನದೂ ಅಲ್ಲ.

ರಜೆಯ ಕೊನೆಯ ದಿನ ಹುಳು ಮನೆಯಲ್ಲಿ ಇಬ್ಬರೂ ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಯ ಬಿದಿರು ಸುತ್ತುಗಳೊಳಗೆ ಬಿಡುತ್ತಿದ್ದೆವು. ಹಣ್ಣಾದ ಹುಳುವಿನ ಮೈ ಬೆಳಕಿಗೆ ಹಿಡಿದ ದ್ರಾಕ್ಷಿಯ ಹಾಗೆ ತಿಳಿಯಾಗಿರುತ್ತದೆ. ಅಷ್ಟು ಹೊತ್ತಿಗೆ ಅದು ತಿನ್ನುವುದನ್ನೇ ಬಿಟ್ಟಿರುತ್ತದೆ. ಮುಂದೆ ಎಷ್ಟು ಸೊಪ್ಪು ಸುರಿದರೂ ಮುಟ್ಟುವುದಿಲ್ಲ.

ಅತ್ತೆ ತಲೆಯೆತ್ತದೆ ಕೇಳಿದರು: "ನೀನೇನೂ ಹೇಳ್ಲಿಲ್ವಲ್ಲ ಕಣಮ್ಮ."

"ಯಾವುದಕ್ಕೆ?"

"ಅದೇ, ಆ ಹೆಂಗ್ಸು. ಬಾಗ್ಲು ಹಾಕ್ಕೊಂಡ್ಬಿಟ್ಳಲ್ಲ. ಆ ಮಗು ಏನಂದ್ಕೊಂಡಿರುತ್ತೆ?"

ಅವರ ದನಿಯಲ್ಲಿ ವಿಚಾರಣೆಯ ಜೋರು ಇರಲಿಲ್ಲ. ನಾನು ಕೈಯಲ್ಲಿದ್ದ ಹುಳುವನ್ನು ನೋಡಿದೆ.

"ಹಣ್ಣಾದ ಹುಳಕ್ಕೆ ಯಾರಾದ್ರೂ ಎಲೆ ಹಾಕ್ತಾರಾ, ಅತ್ತೆ?"

ಅವರ ಬೆರಳು ಚಂದ್ರಿಕೆಯ ಮೇಲೆ ನಿಂತಿತು. "ಯಾವಾಗ ಗೊತ್ತಾಯ್ತು?" ಎಂದರು.

"ಅವತ್ತು, ಅಪ್ಪನ ಜೊತೆ ಹೋಗ್ತಾ, ಬಸ್ಸಲ್ಲೇ."

ಅತ್ತೆಯ ಎರಡೂ ಅಂಗೈ ತುಂಬ ಹುಳುಗಳಿದ್ದವು. ಕಣ್ಣೊರೆಸಿಕೊಳ್ಳಲು ಅವರು ನನ್ನ ಹೆಗಲಿಗೇ ಮುಖ ಒತ್ತಬೇಕಾಯಿತು.