ಆಸ್ಟ್ರೇಲಿಯಾ ಮೇಯ್ದ ಕುರಿಗಳು

ದೇವರು ಆರು ಖಂಡ ಮಾಡಿ ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಗೋವಿಂದರಾಜನ ಮಾನ ಉಳಿಯುತ್ತಿತ್ತು. ಸುಮ್ಮನಿರಲಾರದೆ ಆಸ್ಟ್ರೇಲಿಯಾ ಅಂತ ಇನ್ನೊಂದನ್ನು ಮಾಡಿದ. ಮಾಡಿದ್ದೂ ಆಯಿತು, ಕಾಂಗರೂ ಬಿಟ್ಟು ಸಾಕು ಅನ್ನಬಾರದಿತ್ತೆ? ಹೋಗಿ ಹೋಗಿ ಅಲ್ಲೂ ಕುರಿ ಮೇಯುವಂತೆ ಮಾಡಿದ. ಅಷ್ಟು ದೂರದ ಕುರಿ ಸೇಲಂ ಬಳಿಯ ಓಮಲೂರಿನಾಚೆಯ ಒಂದು ಹಳ್ಳಿಯ ಸಂಸಾರದೊಳಗೆ ಬಾಯಿ ಹಾಕೀತೆಂದು ಯಾರು ತಾನೇ ಊಹಿಸಿಯಾರು?

ಗೋವಿಂದರಾಜನಿಗೂ ಕುರಿಗೂ ಹಳೆಯ ದ್ವೇಷ. ಅವನ ಅಪ್ಪ, ತಾತ, ಮುತ್ತಾತ ಎಲ್ಲರೂ ಕುರಿಯ ಹಿಂದೆ ನಡೆದೇ ಸವೆದವರು. ಮನೆಯಲ್ಲಿ ಕನ್ನಡ, ಊರಲ್ಲಿ ತಮಿಳು, ಕುರಿಗಳ ಜೊತೆ ಎರಡೂ ಅಲ್ಲದ ಹುಯ್ಯಲು, ಹೀಗೆ ಬಾಳಿದವರು. ಪ್ಲಸ್ ಟೂ ಪಾಸಾದ ದಿನ ಗೋವಿಂದರಾಜ ಕೋಲನ್ನು ಸೂರಿಗೆ ಸಿಕ್ಕಿಸಿದವನು ಮತ್ತೆ ಮುಟ್ಟಲಿಲ್ಲ. ಈಗ ಸಬ್ಬಕ್ಕಿ ಮಾಡುವ ಸೇಗೋ ಫ್ಯಾಕ್ಟರಿಯ ಗೇಟಿನಲ್ಲಿ ಕೂತು ಮರಗೆಣಸಿನ ಲಾರಿಗಳ ತೂಕದ ಚೀಟಿ ಬರೆಯುತ್ತಾನೆ. (ಮಗಳ ಶಾಲೆಯಲ್ಲಿ ಈ ಕೆಲಸಕ್ಕೆ ‘ಮ್ಯಾನೇಜರ್’ ಎಂದು ಹೆಸರು.) ಮನೆಯ ಹಿಂಡೆಲ್ಲ ಹೆಂಡತಿ ಶಿವಲಕ್ಷ್ಮಿಯದು. ಹಿಂಡಿನ ಆದಾಯ ಮಾತ್ರ ಇಡೀ ಕುಟುಂಬದ್ದು. ಶಾಲೆಯ ಫೀಸು ಕಟ್ಟುತ್ತಿದ್ದುದೂ ಅದೇ. ಅವನು ಕುರಿಗಳಿಗೆ ಮಾಡುತ್ತಿದ್ದ ಉಪಕಾರ ಒಂದೇ: ಗೆಣಸಿನ ಹಿಟ್ಟು ತೆಗೆದ ಮೇಲೆ ಫ್ಯಾಕ್ಟರಿಯಲ್ಲಿ ಉಳಿಯುವ ಸಿಪ್ಪೆ-ನಾರು, ಅಲ್ಲಿಯವರು ತಿಪ್ಪಿ ಅನ್ನುವುದನ್ನು, ಮೂಟೆ ಕಟ್ಟಿ ಬೈಕಿನಲ್ಲಿ ತಂದು ಹಾಕುತ್ತಿದ್ದ. ಅದರ ವಾಸನೆ ಬಂದರೆ ಸಾಕು, ಹಿಂಡೆಲ್ಲ ಬೇಲಿಗೆ ಬಂದು ಬಾಯಿ ಚಾಚುತ್ತಿತ್ತು.

ಒಬ್ಬಳೇ ಮಗಳು ರೋಜಾ. ನಾಲ್ಕನೇ ಕ್ಲಾಸು, ಹೆದ್ದಾರಿ ಪಕ್ಕದ ಇಂಗ್ಲಿಷ್ ಮೀಡಿಯಂ ಶಾಲೆ. ಸೇರಿಸಿದ ದಿನವೇ ಅಪ್ಪ ಎರಡು ಕಟ್ಟಳೆ ವಿಧಿಸಿದ್ದ. ಶಾಲೆಯಲ್ಲಿ ಕನ್ನಡ ಬಾಯಿಂದ ಬೀಳಕೂಡದು. ಮನೆಯಲ್ಲಿ ಕುರಿ ಇದೆಯೆಂದು ಪ್ರಾಣ ಹೋದರೂ ಹೇಳಕೂಡದು.

“ಯಾರಾನ ಕೇಳಿದ್ರೆ?” ಎಂದಿದ್ದಳು ರೋಜಾ.

“ಕುರಿ ಜೊತೆ ಯಾರವ್ರೋ ಅವ್ರೇ ಕುರಿಯೋರು, ನಂಗೊತ್ತಿಲ್ಲ ಅಂದ್ಬುಡು.”

ಜಾಣ ಹುಡುಗಿ, ಒಂದೇ ಸಲಕ್ಕೆ ಕಲಿತಳು. ಒಂದು ಸಂಜೆ ಹಿಂಡು ರಸ್ತೆ ದಾಟುವಾಗ ಶಾಲೆಯ ವ್ಯಾನು ನಿಲ್ಲಬೇಕಾಯಿತು. ತಲೆಗೆ ಟವೆಲ್ ಸುತ್ತಿ, ಕಂಕುಳಲ್ಲಿ ಮರಿ ಇಟ್ಟುಕೊಂಡು ಶಿವಲಕ್ಷ್ಮಿ ನಡುರಸ್ತೆಯಲ್ಲಿ ನಿಂತಿದ್ದಳು. ಯಾರದು ಎಂದು ಮಕ್ಕಳು ಕೇಳಿದರು. ರೋಜಾ ಕಿಟಕಿಯಿಂದ ಹೆತ್ತ ತಾಯಿಯನ್ನು ನೋಡಿ, “ಕುರಿಯವರು, ನನಗೆ ಗೊತ್ತಿಲ್ಲ” ಎಂದು ತಮಿಳಿನಲ್ಲಿ ಹೇಳಿದಳು. ಕಿಟಕಿ ತೆರೆದಿತ್ತು. ಹೊಟ್ಟೆಯಲ್ಲಿ ಹುಟ್ಟಿದ್ದರ ಮಾತು ಶಿವಲಕ್ಷ್ಮಿಯ ಎದೆಗೆ ನಾಟಿತು. ಮನೆಗೆ ಬಂದು ಸಾಹಸವನ್ನು ವರದಿ ಮಾಡಿದ ಮಗಳಿಗೆ ಗೋವಿಂದರಾಜ ಚಾಕ್ಲೇಟ್ ಕೊಡಿಸಿದ. ಅವತ್ತಿನ ಮುದ್ದೆ ಸ್ವಲ್ಪ ಗಟ್ಟಿಯಾಗಿತ್ತು. ಮಹಾರಾಯ ಅದನ್ನು ಗಮನಿಸದೆ ಉಂಡ.

ಹೀಗಿರಲು ಮೊಬೈಲಿಗೆ ಶಾಲೆಯ ಸಂದೇಶ ಬಂತು. ಖಂಡಗಳ ದಿನಾಚರಣೆಯಂತೆ. ಮಕ್ಕಳ ಪ್ರದರ್ಶನದಲ್ಲಿ ಭೂಗೋಳ, ಜನಜೀವನ, ಪ್ರಾಣಿಗಳು, ಮೂರೂ ಇರಬೇಕು. ತಂದೆತಾಯಿ ನೆರವಾಗಬೇಕು, ಅವತ್ತು ಬರಲೂಬೇಕು. ರೋಜಾಳ ಪಾಲಿಗೆ ಆಸ್ಟ್ರೇಲಿಯಾ. ಗೋವಿಂದರಾಜ ಹಿಗ್ಗಿದ. ಜೂನ್‌ನಲ್ಲಿ ಹೊಸದಾಗಿ ಬಂದ ಮೀನಾ ಮಿಸ್ ಅವನನ್ನು ಫೋನಿನಲ್ಲಿ ಮಾತ್ರ ‘ಮ್ಯಾನೇಜರ್ ಸಾರ್’ ಎಂದು ಬಲ್ಲವಳು, ಕಣ್ಣಾರೆ ಕಂಡಿರಲಿಲ್ಲ; ಮಗಳು ವ್ಯಾನಿನಲ್ಲೇ ಹೋಗಿಬರುತ್ತಿದ್ದುದರಿಂದ ಉಳಿದವರಿಗೂ ಅವನ ಮುಖ ಗೊತ್ತಿರಲಿಲ್ಲ. ಮಗಳ ಶಾಲೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಮ್ಯಾನೇಜರ್ ಆಗಿ ಒಮ್ಮೆ ಕೂರಬೇಕೆಂಬುದು ಅವನ ಜೀವದ ಆಸೆ. ಓಮಲೂರಿಗೆ ಹೋಗಿ ಹೊಸ ಷರ್ಟು ಹೊಲಿಸಿಕೊಂಡು ಬಂದು, ಮಗಳಿಗೆ ಖಂಡಪರಿಚಯ ಮಾಡಿಸಲು ನಕ್ಷೆ ಹರಡಿ ಕೂತ.

“ನೋಡು ಪಾಪ, ಇದು ಪರ್ತ್. ಇಲ್ಲಿ ಬಾಲು ಎದೆ ಮಟ್ಟ ಎದ್ದು ಬತ್ತದೆ. ಇದು ಅಡಿಲೇಡ್, ಇಲ್ಲಿ ಸ್ಪಿನ್ನು ಸ್ವಲ್ಪ ತಿರುಗ್ತದೆ. ಇದು ಮೆಲ್ಬೋರ್ನ್, ಕ್ರಿಸ್ಮಸ್ ಮಾರನೇ ದಿನ ಮ್ಯಾಚು ಇಲ್ಲೇ.”

“ಮಧ್ಯದಾಗೆ ಏನೈತೆ ಅಪ್ಪ?”

ಮಧ್ಯದಲ್ಲಿ ಯಾವ ಮ್ಯಾಚೂ ಇಲ್ಲವಾದ್ದರಿಂದ ಅಲ್ಲೇನಿದೆಯೆಂದು ಅಪ್ಪನಿಗೆ ಗೊತ್ತಿರಲಿಲ್ಲ. “ಅಲ್ಲೇನೂ ಇಲ್ಲ, ಕಾಲಿ.”

“ಇಲ್ಲಪ್ಪ, ಮಿಸ್ ಏಳಿದ್ರು. ಅಲ್ಲಿ ಆದಿಕಾಲದಿಂದ ಜನ ಅವ್ರಂತೆ. ಬಿಳಿಯೋರು ಬಂದು ಅವ್ರ ಮಕ್ಳನ್ನ ಇಸ್ಕೂಲಿಗಾಕಿ, ಮನೆ ಬಾಸೆ ಮಾತಾಡಿದ್ರೆ ಒಡೀತಿದ್ರಂತೆ.”

“ಅದೆಲ್ಲ ಬ್ಯಾಡ. ಪ್ರೈಜು ಬರಾಕಿಲ್ಲ. ಪ್ರಾಣಿಗೆ ಬಾ. ಕಾಂಗರೂ.”

“ಕುರಿನೂ ಐತೆ. ಅಲ್ಲಿ ಜನಕ್ಕಿಂತ ಕುರಿನೇ ಜಾಸ್ತಿಯಂತೆ!”

ಹೊಸಿಲಲ್ಲಿ ಕೂತು ತಬ್ಬಲಿ ಮರಿಗೆ ಹಾಲು ಕುಡಿಸುತ್ತಿದ್ದ ಶಿವಲಕ್ಷ್ಮಿ ತಲೆ ಎತ್ತಿದಳು. “ಅಂಗಾದ್ರೆ ಅದು ಮರ್ಯಾದಸ್ತರ ದೇಸ ಕಣ್ ಮಾವ.” (ಅವನು ಅವಳಿಗೆ ಸೋದರಮಾವನೇ. ಮದುವೆಯಾದ ಮೇಲೂ ಕರೆಯುವ ಹೆಸರು ಬದಲಾಗಲಿಲ್ಲ, ಗೌರವ ಮಾತ್ರ ಕಡಿಮೆಯಾಯಿತು.)

ಮರುದಿನ ಮೀನಾ ಮಿಸ್ ಫೋನ್ ಮಾಡಿ, ಜೀವಂತ ಕುರಿ ನಿಲ್ಲಿಸಿದರೆ ಮೊದಲ ಬಹುಮಾನ ರೋಜಾಗೇ, ನಿಮ್ಮ ಕಡೆ ಕುರಿಯವರು ಇದ್ದಾರಲ್ಲ ಎಂದಳು. “ಇದ್ದಾರೆ ಮಿಸ್, ಬಾಡಿಗೆಗೆ ಮಾತಾಡ್ತೀನಿ” ಎಂದ ಗೋವಿಂದರಾಜ, ತನ್ನ ಮನೆಯ ಕುರಿಯನ್ನು ನೋಡುತ್ತಾ.

ಕುರಿಗೇನು ಬರವಿಲ್ಲ. ಆದರೆ ಮೊಬೈಲಿನ ಚಿತ್ರದಲ್ಲಿ ಆಸ್ಟ್ರೇಲಿಯಾದ ಮೆರಿನೋ ಕುರಿ ಬಿಳಿ ಉಣ್ಣೆಯ ಮುದ್ದೆ. ಕಣ್ಣು ಎಲ್ಲಿದೆಯೆಂದು ಹುಡುಕಬೇಕು. ಸೇಲಂ ಸೀಮೆಯ ಮೇಚೇರಿ ಕುರಿಗೆ ಉಣ್ಣೆಯೇ ಇಲ್ಲ. ಕೆಂಪು ಮೈ, ಗಿಡ್ಡ ಕೂದಲು, ಜಿಂಕೆಯ ಬಡ ನೆಂಟನ ಹಾಗೆ. ಇಲ್ಲಿ ಗೋವಿಂದರಾಜನ ಮೇಧಾಶಕ್ತಿ ಜಾಗೃತವಾಯಿತು. ಮದುವೆಯಲ್ಲಿ ಬಂದ ಎರಡು ಬೂರುಗದ ದಿಂಬುಗಳನ್ನು ಕುಯ್ದು ಅರಳೆ ತೆಗೆದ. ಫ್ಯಾಕ್ಟರಿಯಿಂದ ಗೆಣಸಿನ ಹಿಟ್ಟು ತಂದು ಒಲೆಯ ಮೇಲೆ ಕಾಸಿ ಗಟ್ಟಿ ಅಂಟು ಮಾಡಿದ. ನಕ್ಷೆಯನ್ನೂ ಅದರಿಂದಲೇ ಹಲಗೆಗೆ ಅಂಟಿಸಿ, ಸಮುದ್ರದಂಚಿನ ಹವಳದ ದಿಬ್ಬಗಳೆಂದು ಬಣ್ಣ ಹಚ್ಚಿದ ಸಬ್ಬಕ್ಕಿ ಮೆತ್ತಿಸಿದ.

“ಮಾವ, ಇದು ಗೆಣಸಿನ ಇಟ್ಟಲ್ವಾ? ಇವು ತಿಪ್ಪಿ ತಿಂದು ಬೆಳೆದ...” ಎಂದು ಶಿವಲಕ್ಷ್ಮಿ ಬಾಯಿ ತೆರೆದಳು.

“ಸುಮ್ಕಿರು! ಕುರಿ ಇಚಾರ ನಿಂಗೇನ್ ಗೊತ್ತು? ಇದು ಮೆರಿನೋ.”

ಹುಟ್ಟಿದಾಗಿನಿಂದ ಕುರಿ ಕಾದವಳು ಬಾಯಿ ಮುಚ್ಚಿದಳು. ಆಮೇಲೆ ಒಂದೇ ಮಾತು ಹೇಳಿದಳು, ಒಂಟಿ ಕುರಿ ನಿಲ್ಲುವುದಿಲ್ಲ, ಅರಚಿ ಅರಚಿ ಸಾಯುತ್ತದೆ, ಎರಡು ಹಿಡಿದುಕೊಂಡು ಹೋಗು ಅಂತ. ಆ ಮಾತನ್ನು ಮಾತ್ರ ಕೇಳಿದ. ಇದನ್ನು ಹಣೆಬರಹ ಅನ್ನದೆ ಇನ್ನೇನು ಅನ್ನುವುದು?

ಆ ದಿನ ಬಂತು. ಶಿವಲಕ್ಷ್ಮಿ ಸೇಲಂ ರೇಷ್ಮೆಸೀರೆ ಉಟ್ಟು, ಬೆಳ್ಳಿ ಗೆಜ್ಜೆ ಹಾಕಿ, ಮ್ಯಾನೇಜರ್ ಹೆಂಡತಿಯಾಗಿ ಮೊದಲೇ ಬಸ್ಸಿನಲ್ಲಿ ಹೋದಳು. ಕುರಿ ಹತ್ತಿರ ಸುಳಿಯಕೂಡದೆಂದು ಅವಳಿಗೆ ಅಪ್ಪಣೆಯಾಗಿತ್ತು. ಹಗ್ಗ ಹಿಡಿದು ನಿಲ್ಲಲು ಒಪ್ಪಿದ್ದ ಪಕ್ಕದ ಮನೆಯ ಮುನಿಸ್ವಾಮಿ, ಬಿಳಿ ಕುರಿಗಳನ್ನು ನೋಡಿದ್ದೇ ಹಿಂದಕ್ಕೆ ಸರಿದ. “ದಿಂಬು ಅಂಟಿಸ್ಕಂಡಿರೋ ಕುರಿ ಜೊತೆ ನಾನ್ ನಿಂತ್ಕಳಾಕಿಲ್ಲ ಕಣ್ಲಾ. ನಂಗೂ ಮರ್ಯಾದೆ ಐತೆ.”

ಗೂಡ್ಸ್ ಆಟೋದಲ್ಲಿ ಗೋವಿಂದರಾಜನೇ ಕುರಿಗಳೊಂದಿಗೆ ಕೂತ. ಹಳೆ ಷರ್ಟು, ಬಿಸಿಲಿಗೆ ತಲೆಗೆ ಟವೆಲ್. ಹೊಸ ಷರ್ಟು ಚೀಲದಲ್ಲಿತ್ತು; ಹಗ್ಗವನ್ನು ಅಲ್ಲಿ ಯಾರ ಕೈಗಾದರೂ ಕೊಟ್ಟು, ಮುಖ ತೊಳೆದು, ಮ್ಯಾನೇಜರ್ ಆಗುವುದೆಂದು ಲೆಕ್ಕ. ಶಾಲೆಯ ಮೈದಾನದಲ್ಲಿ ಖಂಡಗಳು ಸಾಲಾಗಿ ನಿಂತಿದ್ದವು. ಆಫ್ರಿಕಾದಲ್ಲಿ ಪ್ಲಾಸ್ಟಿಕ್ ಸಿಂಹ, ಅಂಟಾರ್ಟಿಕಾದಲ್ಲಿ ಥರ್ಮಾಕೋಲು ಮತ್ತು ಒಂದು ಟೇಬಲ್ ಫ್ಯಾನು. ಮುಂದಿನ ಸಾಲಿನಲ್ಲಿ ಶಿವಲಕ್ಷ್ಮಿ ಪಕ್ಕದ ಕುರ್ಚಿಯ ಮೇಲೆ ಕರ್ಚೀಫು ಹಾಕಿ ಜಾಗ ಹಿಡಿದಿದ್ದಳು.

ಮೀನಾ ಮಿಸ್ ಓಡುತ್ತಾ ಬಂದಳು. ಅರಳೆ, ಅಂಟು, ಟವೆಲ್ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿ, “ಕುರಿಯವರಾ? ಬನ್ನಿ, ಇಲ್ಲಿ ಹಿಡಿದುಕೊಂಡು ನಿಲ್ಲಿ. ಮ್ಯಾನೇಜರ್ ಸಾರ್ ಎಲ್ಲಿ?” ಎಂದು ತಮಿಳಿನಲ್ಲಿ ಕೇಳಿದಳು.

ಈ ವೇಷದಲ್ಲಿ ನಾನೇ ಮ್ಯಾನೇಜರ್ ಎಂದರೆ ಯಾರು ನಂಬುತ್ತಾರೆ? “ಸಾರ್ ಹಿಂದೆ ಬರುತ್ತಿದ್ದಾರೆ ಮಿಸ್” ಎಂದುಬಿಟ್ಟ. ಇನ್ನೇನು ಹತ್ತು ನಿಮಿಷದಲ್ಲಿ ಬಂದೇಬಿಡುವವನಿದ್ದ, ಪಾಪ.

ಆದರೆ ಹಗ್ಗ ಹಿಡಿಯುವವರು ಒಬ್ಬರೂ ಸಿಗಲಿಲ್ಲ. ವಾಚ್‌ಮನ್ ಪಳನಿಯಪ್ಪನ್ ತನಗೆ ಗೇಟ್ ಡ್ಯೂಟಿ ಎಂದ. ಶಿವಲಕ್ಷ್ಮಿಗೆ ಕಣ್ಸನ್ನೆ ಮಾಡಿದರೆ ಆಕೆ ಅಪ್ಪಣೆ ಮೀರದ ಪತಿವ್ರತೆಯಾಗಿ ಅಂಟಾರ್ಟಿಕಾದ ಫ್ಯಾನು ನೋಡುತ್ತಿದ್ದಳು. ಅಷ್ಟರಲ್ಲಿ ಬಿಸಿಲಿಗೆ ಅಂಟು ಕಾದು ಗೆಣಸಿನ ಘಮ ಎದ್ದಿತು. ಮೊದಲನೇ ಮೆರಿನೋ ಎರಡನೇ ಮೆರಿನೋವಿನ ಬೆನ್ನು ನೆಕ್ಕಿತು. ಎರಡನೆಯದಕ್ಕೂ ಜ್ಞಾನೋದಯವಾಯಿತು. ಒಂದರ ಉಣ್ಣೆಯನ್ನು ಇನ್ನೊಂದು ಎಳೆದೆಳೆದು, ಅರಳೆಯನ್ನು ಉಗುಳಿ ಅಂಟನ್ನು ನೆಕ್ಕಿ, ನೋಡನೋಡುತ್ತಿದ್ದಂತೆ ಎರಡೂ ಕೆಂಪು ಮೇಚೇರಿಗಳಾಗಿ ನಿಂತವು. ಆಮೇಲೆ ಭೂಗೋಳಕ್ಕೆ ಕೈ ಹಾಕಿದವು, ಅಲ್ಲ, ಬಾಯಿ ಹಾಕಿದವು. ಹವಳದ ದಿಬ್ಬ ಹೋಯಿತು. ಪರ್ತ್ ಹೋಯಿತು. ಗೋವಿಂದರಾಜ ಮೊಣಕಾಲೂರಿ ಮೆಲ್ಬೋರ್ನನ್ನು ಹಿಡಿದೆಳೆಯುವಾಗ, ಸೇಲಂನಿಂದ ಬಂದಿದ್ದ ಮುಖ್ಯ ಅತಿಥಿಗಳು, ನಿವೃತ್ತ ಹೆಡ್‌ಮಾಸ್ಟರು, ಎದುರಿಗೆ ಬಂದು ನಿಂತರು.

“ಥೂ, ನಿನ್ ಬಾಯಿಗೆ ಮಣ್ಣಾಕ! ಬುಡ್ಲಾ! ಟ್ರ್ರ್ರ್ರ್ ಹೋಯ್!”

ಪ್ಲಸ್ ಟೂಗೆ ಮುಂಚಿನ ಆ ಹುಯ್ಯಲು ಗೋವಿಂದರಾಜನೊಳಗೆ ಯಾವ ಮೂಲೆಯಲ್ಲಿ ಉಳಿದಿತ್ತೋ, ಮೈದಾನಕ್ಕೆಲ್ಲ ಕೇಳುವಂತೆ ಹೊರಬಿತ್ತು. ಕುರಿಗಳು ತಕ್ಷಣ ಬಾಯಿ ಬಿಟ್ಟು ಅವನ ಕಾಲಿಗೆ ಒತ್ತಿಕೊಂಡು ನಿಂತವು. ಅತಿಥಿಗಳಿಗೆ ಆನಂದವೋ ಆನಂದ. ಅಪ್ಪಟ ಕುರುಬ, ಎಲ್ಲಿಂದ ಹಿಡಿದು ತಂದಿರಿ ಎಂದು ಚಪ್ಪಾಳೆ ತಟ್ಟಿ, ಬಗ್ಗಿ ರೋಜಾಳನ್ನು ಇಂಗ್ಲಿಷಿನಲ್ಲಿ ಕೇಳಿದರು, “ಇವರು ಯಾರಮ್ಮ?”

ರೋಜಾ ಅಪ್ಪನನ್ನು ನೋಡಿದಳು. ಅಪ್ಪ ಮಗಳನ್ನು ನೋಡಿದ. ಹೇಳಿಬಿಡು ಕಂದ, ಷರ್ಟು ಹಾಳಾಗಿ ಹೋಗಲಿ, ಹೇಳಿಬಿಡು ಎಂದು ಆ ಕ್ಷಣ ಅವನು ಮನಸ್ಸಿನಲ್ಲೇ ಬೇಡಿಕೊಂಡ.

“ಅವರು ಕುರಿಯವರು ಸರ್. ನನಗೆ ಗೊತ್ತಿಲ್ಲ.”

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಆಸ್ಟ್ರೇಲಿಯಾದಲ್ಲಿ ಜನಕ್ಕಿಂತ ಕುರಿ ಹೆಚ್ಚು, ಮಧ್ಯೆ ಮರಳುಗಾಡು, ಅಲ್ಲಿ ಆದಿಕಾಲದ ಜನ ಇದ್ದಾರೆ, ಅವರ ಮಕ್ಕಳಿಗೆ ಮನೆಯ ಭಾಷೆ ಆಡಲು ಬಿಡುತ್ತಿರಲಿಲ್ಲ ಎಂದು ಅರಳು ಹುರಿದಂತೆ ಹೇಳಿದಳು. ಆದರೆ ಖಂಡ ಎಲ್ಲಿ ಹೋಯಿತಮ್ಮ ಎಂದು ಅತಿಥಿಗಳು ಕೇಳಿದರೆ, ಕುರಿಯ ಹೊಟ್ಟೆ ತೋರಿಸಿದಳು. ಮೈದಾನವೇ ನಕ್ಕಿತು. ಮೊದಲ ಬಹುಮಾನ. ತಾಯಿಯನ್ನೂ ವೇದಿಕೆಗೆ ಕರೆದರು. ಮ್ಯಾನೇಜರ್ ಸಾರ್ ಬರಲಾಗದ್ದಕ್ಕೆ ಮೀನಾ ಮಿಸ್ ಮೈಕಿನಲ್ಲಿ ವಿಷಾದ ಸೂಚಿಸಿದಳು. ಆ ಹೊತ್ತಿಗೆ ಪಳನಿಯಪ್ಪನ್, “ಕುರಿಯವರೇ, ಇನ್ನೇನು ಕೆಲಸ, ಪಿನ್ನಾಡಿ ಗೇಟು” ಎಂದು ಮ್ಯಾನೇಜರ್ ಸಾರನ್ನೇ ಹಿಂದಿನ ಗೇಟಿನಿಂದ ಹೊರಗೆ ದಬ್ಬುತ್ತಿದ್ದ.

ಮನೆಯಲ್ಲಿ ಬಹುಮಾನದ ಕಪ್ಪು ನಡುಮನೆಯ ಗೂಡಿನಲ್ಲಿ ಹೊಳೆಯುತ್ತಿತ್ತು. ಗೋವಿಂದರಾಜ ಅದನ್ನು ಕೈಗೆತ್ತಿ ನೋಡಿ ಕೇಳಿದ. “ಅಲ್ಲ ಪಾಪ, ಅಪ್ಪನ್ನೇ ಕುರಿಯೋರು ಅಂದ್ಬುಟ್ಯಲ್ಲ?”

“ನೀನೇ ತಾನೇ ಏಳ್ಕೊಟ್ಟಿದ್ದು? ಅಮ್ಮಂಗೂ ಅಂಗೇ ಅಂದಿದ್ನಲ್ಲ.” ರೋಜಾ ಅಂಗೈ ಚಾಚಿದಳು. “ಚಾಕ್ಲೇಟ್ ಎಲ್ಲಿ?”

ಅವನು ಹೆಂಡತಿಯ ಮುಖ ನೋಡಿದ. ಶಿವಲಕ್ಷ್ಮಿ ರೇಷ್ಮೆಸೀರೆ ಮಡಿಸುತ್ತಿದ್ದಳು. “ತಂದ್ಕೊಡು ಮಾವ. ನನ್ ಸರದಿಗೆ ನೀನೇ ಒಂದು ಕೊಡಿಸ್ದೆ, ನಿನ್ ಸರದಿಗೂ ಕೊಡ್ಬೇಕಲ್ವಾ? ಅಂಗೇ ಎರಡು ದಿಂಬೂ ತಗಂಡ್ ಬಾ.”

ಸೋಮವಾರ ವ್ಯಾನು ಕೆಟ್ಟಿತ್ತು. ಗೋವಿಂದರಾಜ ಹೊಸ ಷರ್ಟು ತೊಟ್ಟು, ತಲೆ ಬಾಚಿ, ಪೌಡರು ಹಚ್ಚಿ ಮಗಳನ್ನು ಬೈಕಿನಲ್ಲಿ ಶಾಲೆಗೆ ಬಿಡಲು ಹೋದ. ಇವತ್ತಾದರೂ ಎಲ್ಲ ಸರಿಮಾಡಿ, ಮಿಸ್ ಎದುರು ನಾನೇ ಇವಳ ಅಪ್ಪ ಎಂದು ಹೇಳಿಯೇ ಬರಬೇಕೆಂದು ನಿಶ್ಚಯಿಸಿದ್ದ. ಗೇಟಿನ ಹತ್ತಿರ ಮಕ್ಕಳು ಮುತ್ತಿಕೊಂಡರು.

“ರೋಜಾ, ನಿನ್ನನ್ನು ಬಿಡೋಕೆ ಕುರಿಯವರು ಯಾಕೆ ಬಂದರು?”

ರೋಜಾ ಬೈಕಿನಿಂದ ಇಳಿದು ಚೀಲ ಹೆಗಲಿಗೇರಿಸಿದಳು. ಅಪ್ಪನ ಎರಡೂ ಕಟ್ಟಳೆಗಳನ್ನು ಒಂದಿಷ್ಟೂ ಮುರಿಯದೆ, ಚೊಕ್ಕ ತಮಿಳಿನಲ್ಲಿ ಹೇಳಿದಳು.

“ನಮ್ಮಪ್ಪ ಮ್ಯಾನೇಜರ್. ಅವರಿಗೆ ಟೈಮ್ ಎಲ್ಲಿದೆ? ಅದಕ್ಕೇ ಇವರನ್ನು ಕಳಿಸಿದ್ದಾರೆ.”