ಎಡಕ್ಕೆ ಜಗ್ಗುವ ಮಷೀನು

ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಪಾನಾ ಹಿಡಿದು ನಟ್ಟು ತಿರುವಿದ ಮನುಷ್ಯನಿಗೆ ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸುವವರು ಒಂದು ಮಾತು ಯೋಚಿಸುವುದಿಲ್ಲ. ಆ ಕೈಗಳು ಇನ್ನು ಮನೆಯಲ್ಲಿ ಏನೇನು ಬಿಚ್ಚುತ್ತವೆ? ಚೌಡಾಪುರದ ಖಂಡಪ್ಪನ ಕೈಗಳು ಮೊದಲ ತಿಂಗಳು ಫ್ಯಾನು ಬಿಚ್ಚಿದವು (ಅದು ಈಗಲೂ ತಿರುಗುತ್ತದೆ, ಗಾಳಿ ಮಾತ್ರ ಮೇಲಕ್ಕೆ ಹೋಗುತ್ತದೆ). ಎರಡನೆಯ ತಿಂಗಳು ಕುಕ್ಕರ್ ಬಿಚ್ಚಿದವು (ಅದೀಗ ಒಲೆಯ ಮೇಲಿಟ್ಟ ಕೂಡಲೇ ಸೀಟಿ ಹೊಡೆಯುತ್ತದೆ, ಅನ್ನ ಆಮೇಲೆ ನಿಧಾನವಾಗಿ ಬೇಯುತ್ತದೆ). ಮೂರನೆಯ ತಿಂಗಳಿಗೆ ಮನೆಯಲ್ಲಿ ಬಿಚ್ಚದೆ ಉಳಿದದ್ದು ಹೆಂಡತಿ ಕಾಶಿಬಾಯಿಯ ಹೊಲಿಗೆ ಮಷೀನು ಒಂದೇ.

ಅದು ಕಾಶಿಬಾಯಿಯ ತಾಯಿಯ ಮಷೀನು. ಕಪ್ಪು ಮೈ, ಅದರ ಮೇಲೆ ಅಳಿಸಿಹೋದ ಚಿನ್ನದ ಬಳ್ಳಿ, ಕೆಳಗೆ ಕಾಲಿನಿಂದ ತುಳಿಯುವ ಕಬ್ಬಿಣದ ಮೆಟ್ಟು. ಕಾಶಿಬಾಯಿ ಬಸುರಿಯಾಗಿದ್ದಾಗ ತೊಟ್ಟ ಕುಬಸವನ್ನು ಆ ತಾಯಿ ಇದರ ಮೇಲೆಯೇ ಹೊಲಿದಿದ್ದಳು. ಮುಂದೆ ಮಗಳು ಶಿವಗಂಗಾ ತೊಟ್ಟಿಲಲ್ಲಿದ್ದಾಗ ಆ ತಾಯಿಯ ಕಣ್ಣು ಮಂಜಾಗಿ ಮಷೀನು ಇಲ್ಲಿಗೆ ಬಂತು. ಅಲ್ಲಿಂದ ಇಪ್ಪತ್ತಾರು ವರ್ಷ ಓಣಿಯ ಹೆಂಗಸರ ಜಂಪರು, ಮಕ್ಕಳ ಅಂಗಿ ಎಲ್ಲವೂ ಇದರಲ್ಲೇ. ಆದರೆ ದನಿ ಮಾತ್ರ ಭಯಂಕರ. ಊಟ ಮಾಡಿ ಖಂಡಪ್ಪ ಅಡ್ಡಾದ ಕೂಡಲೇ ಖಟ್ ಖಟ್ ಎಂದು ಶುರುವಾಗುತ್ತಿತ್ತು. ಗೇರ್ ಬಾಕ್ಸಿನ ರೋಗವನ್ನು ಕಿವಿಯಿಂದಲೇ ಹೇಳುತ್ತಿದ್ದ ಮಹಾನುಭಾವನಿಗೆ ಅದನ್ನು ಕೇಳುತ್ತ ಮಲಗುವುದೆಂದರೆ ಹಿಂಸೆಯೇ.

"ಇದರಾಗ ನಾಕ ಪಾರ್ಟು ಪೂರಾ ಸವದಾವು. ನಾ ಒಮ್ಮಿ ಬಿಚ್ಚಿ ನೋಡ್ತೇನಿ," ಎಂದು ಅವನು ಹತ್ತು ಸಲ ಹೇಳಿದ್ದ.

"ಕುಕ್ಕರ್ ನೋಡಿದ್ದು ಸಾಕ್ರಿ. ಇದಕ್ಕ ಕೈ ಹಚ್ಚೀರಿ ಅಂದ್ರ ನಾ ಸುಮ್ನಿರಂಗಿಲ್ಲ," ಎಂದು ಕಾಶಿಬಾಯಿ ಹತ್ತು ಸಲವೂ ಉತ್ತರ ಕೊಟ್ಟಿದ್ದಳು.

ಈಗಂತೂ ಮಷೀನಿಗೆ ವಿಶೇಷ ಬಂದೋಬಸ್ತು. ಗೊಬ್ಬೂರಿಗೆ ಕೊಟ್ಟ ಶಿವಗಂಗಾಳಿಗೆ ಏಳು ತಿಂಗಳು. ಸೋಮವಾರ ಕುಬಸ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಖಣದ ಕುಬಸ ಒಯ್ದು ತೊಡಿಸುವ ದಿನ. ತನ್ನ ತಾಯಿ ತನಗೆ ಹೊಲಿದ ಹಾಗೆ, ಅದೇ ಮಷೀನಿನ ಮೇಲೆ, ತನ್ನ ಕೈಯಾರೆ ಹೊಲಿಯಬೇಕೆಂಬುದು ಕಾಶಿಬಾಯಿಯ ಆಸೆ. ಅದಕ್ಕೆಂದು ಗುಳೇದಗುಡ್ಡದ ಹಸಿರು ಖಣ ಒಂದೇ ಒಂದು ತರಿಸಿ, ಅಳತೆ ಹಾಕಿ, ಕತ್ತರಿಸಿ, ಮಡಿಚಿ ಇಟ್ಟಿದ್ದಳು. ಬೀಗತಿ ಸುಂದರಬಾಯಿ ಬಟ್ಟೆಯ ಒಳಮಗ್ಗುಲು ತಿರುವಿ ಹೊಲಿಗೆ ನೋಡುವ ಹೆಂಗಸು. ಹೊಲಿಗೆ ಡೊಂಕಾದರೆ ಗೊಬ್ಬೂರಿಗೆಲ್ಲ ಸುದ್ದಿ.

ಗುರುವಾರ ಕಾಶಿಬಾಯಿ ಕುಬಸಕ್ಕೆ ಕರೆಯಲು ಹವಳಗಾದ ಅಕ್ಕನ ಮನೆಗೆ ಹೋದಳು. ಬರುವುದು ಶುಕ್ರವಾರ ಸಂಜೆ. ಖಂಡಪ್ಪನ ತಲೆಯಲ್ಲಿ ಭವ್ಯವಾದ ವಿಚಾರವೊಂದು ಉದಯಿಸಿತು. ಹೆಂಡತಿ ಬರುವಷ್ಟರಲ್ಲಿ ಮಷೀನು ಹೊಸದಾಗಿರಬೇಕು, ಅವಳು ಬಾಯಿ ಮೇಲೆ ಕೈಯಿಟ್ಟುಕೊಳ್ಳಬೇಕು. (ಇಟ್ಟುಕೊಂಡದ್ದು ನಿಜ. ಕಾರಣ ಮಾತ್ರ ಬೇರೆ.)

ಮಷೀನಿನ ತಲೆಯನ್ನು ಬೆಲ್ಟಿನ ಸಮೇತ ಬಿಚ್ಚಿ, ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂಡಿಸಿಕೊಂಡು ಅವನು ಆಳಂದಕ್ಕೆ ಹೋದ. ಅಲ್ಲಿ ಹಳೆಯ ಮಷೀನು ರಿಪೇರಿ ಮಾಡುವ ಏಜಾಜ ಎಂದರೆ ಮೂರು ತಾಲೂಕಿಗೆ ಹೆಸರುವಾಸಿ. ಏಜಾಜ ತಳ ಮೇಲೆ ಮಾಡಿ ನೋಡಿ, ಸೂಜಿಯ ಕೆಳಗೆ ಬಟ್ಟೆಯನ್ನು ಸರಿಸುವ ಹಲ್ಲುಪಟ್ಟಿಯ ಮೇಲೆ ಉಗುರು ಆಡಿಸಿದ.

"ಖಂಡಪ್ಪಣ್ಣ, ಬಾಬಿನ್ ಕೇಸು ಸವದದ, ಬೆಲ್ಟು ಸಡ್ಲ ಆಗ್ಯದ, ಅವು ಬದಲಿ ಮಾಡೂಣು. ಈ ಹಲ್ಲು ಒಂದಽ ಮಗ್ಗಲಾ ಸವದದ ನೋಡ್ರಿ. ಬಟ್ಟಿ ಎಡಕ ಹೋಗ್ತಿರಬೇಕು. ಮನ್ಯಾಗ ಹೊಲಿಯೋರಿಗಿ ಕೇಳೀರೇನು?"

"ಕೇಳೂದೇನದ? ಬ್ರೇಕ್ ಸವದ್ರ ಡ್ರೈವರನ ಕಾಲಿಗಿ ಕೇಳಿ ಬದಲಿ ಮಾಡ್ತಾರೇನು?"

"ಕೇಳಿದ್ರ ಚಲೋ ಇತ್ರಿ," ಎಂದು ಏಜಾಜ ಮೆಲ್ಲಗೆ ಹೇಳಿ, ಹಲ್ಲುಪಟ್ಟಿಯೂ ಸೇರಿ ಎಲ್ಲವನ್ನೂ ಬದಲಿಸಿದ. ಹಳೆಯ ಪಾರ್ಟುಗಳನ್ನು ಕಾಗದದಲ್ಲಿ ಸುತ್ತಿ ಕೊಡಲು ಬಂದರೆ ಖಂಡಪ್ಪ ಕೈ ಅಡ್ಡ ಹಿಡಿದ. ಡಿಪೋದಲ್ಲಿ ಹೊಸದು ಬೇಕೆಂದರೆ ಹಳೆಯದನ್ನು ಜಮಾ ಮಾಡಬೇಕು. ಅವನ ಜೀವಮಾನದಲ್ಲಿ ಆ ನಿಯಮ ಒಮ್ಮೆಯೂ ತಪ್ಪಿರಲಿಲ್ಲ. ಅಂಗಡಿಯ ಡಬ್ಬಿಯಲ್ಲಿ ಅವನ್ನು ತಾನೇ ಹಾಕಿ, ತೃಪ್ತಿಯಿಂದ ಬಸ್ ಹತ್ತಿದ.

ಶುಕ್ರವಾರ ಸಂಜೆ ಕಾಶಿಬಾಯಿ ಬಂದು, ಮುಖ ತೊಳೆದು, ಖಣ ತೆಗೆದುಕೊಂಡು ಕೂತಳು. ಖಂಡಪ್ಪ ಕಂಬಕ್ಕೆ ಒರಗಿ, ಏನೂ ಗೊತ್ತಿಲ್ಲದವನಂತೆ ನಿಂತ. ಅವಳು ರೂಢಿಯಂತೆ ಜೋರಾಗಿ ಮೆಟ್ಟು ತುಳಿದಳು. ಸಡಿಲ ಬೆಲ್ಟಿಗೆ ಬೇಕಾಗಿದ್ದ ಜೋರು ಅದು. ಹೊಸ ಬೆಲ್ಟಿಗೆ ಅದರಲ್ಲಿ ಕಾಲುಭಾಗ ಸಾಕಿತ್ತು. ಮಷೀನು ಸದ್ದಿಲ್ಲದೆ ಸರ್ರನೆ ಓಡಿ, ತೋಳಿನ ಬಟ್ಟೆ ಬಲಕ್ಕೆ ಹೊರಳಿ, ಹೊಲಿಗೆ ಖಣದ ನಟ್ಟನಡುವೆ ಹೋಗಿ ನಿಂತಿತು. ಕಾಶಿಬಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ದನಿ ಎಲ್ಲಿ ಹೋತು?" ಎಂದಳು.

"ರಿಪೇರಿ ಮಾಡಿಸೇನಿ. ಸವದದ್ದೆಲ್ಲಾ ತಗದು ಹೊಸಾದು. ಹ್ಯಾಂಗದ?"

ಅವಳು ಹೊಲಿಗೆ ಬಿಚ್ಚಿ, ಕಾಲು ಹಗುರ ಮಾಡಿ ಮತ್ತೊಮ್ಮೆ ಹೊಲಿದಳು. ಮತ್ತೆ ಬಲಕ್ಕೆ. ಖಂಡಪ್ಪ ಬಗ್ಗಿ ನೋಡಿದ. ಮಷೀನು ನೆಟ್ಟಗೇ ನಡೆಯುತ್ತಿತ್ತು. ಬಟ್ಟೆಯನ್ನು ಬಲಕ್ಕೆ ಜಗ್ಗುತ್ತಿದ್ದದ್ದು ಕಾಶಿಬಾಯಿಯ ಕೈ. ಹಳೆಯ ಹಲ್ಲು ಎಡಕ್ಕೆ ಎಳೆಯುತ್ತಿತ್ತೆಂದು ಇಪ್ಪತ್ತಾರು ವರ್ಷ ಅವಳು ಬಲಕ್ಕೆ ಜಗ್ಗಿ ಹಿಡಿದೇ ನೆಟ್ಟಗೆ ಹೊಲಿದಿದ್ದಳು.

"ಜಗ್ಗಬ್ಯಾಡ ಬೇ, ಕೈ ಸಡ್ಲ ಬಿಡು."

"ಬಿಡಾಕತ್ತೇನ್ರಿ. ಕೈ ಕೇಳವಲ್ದು," ಎಂದಳು ಅವಳು. ಮೂರನೆಯ ಸಲ ಬಿಚ್ಚಿದಾಗ ಖಣದ ತೋಳಿನಲ್ಲಿ ಸೂಜಿಯ ತೂತುಗಳು ಸಾಲಾಗಿ ಕಂಡವು. ಅವಳು ಬೈದಿದ್ದರೆ ಖಂಡಪ್ಪ ತಡೆದುಕೊಳ್ಳುತ್ತಿದ್ದ. ಅವಳು ಖಣವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, "ನಮ್ಮವ್ವ ಹೊಲ್ದಂಗ ಹೊಲೀಬೇಕು ಅಂತಿದ್ದೆ," ಎಂದಷ್ಟೇ ಹೇಳಿ ಎದ್ದುಹೋದಳು. ರಿಪೇರಿ ಮಾಡಿ ಇಂಥ ಮಾತು ಖಂಡಪ್ಪ ಡಿಪೋದಲ್ಲಿ ಎಂದೂ ಕೇಳಿರಲಿಲ್ಲ.

ಶನಿವಾರ ಮೊದಲ ಬಸ್ಸಿಗೇ ಆಳಂದ.

"ಏಜಾಜ, ಆ ಹಳೇ ಹಲ್ಲು ವಾಪಸ್ ಕೊಡಪಾ."

"ಡಬ್ಬಿ ಖಾಲಿ ಮಾಡೇನ್ರಿ. ನಿನ್ನಿ ಜೇವರ್ಗಿ ಗುಜರಿಯವ್ರು ಬಂದು ಒಯ್ದಾರ. ಜಗತ್ತೆಲ್ಲಾ ಹೊಸಾದು ಕೇಳ್ತದ, ನೀವು ಸವದದ್ದು ಕೇಳಾಕತ್ತೀರಿ." ಅವನು ನಗಲಿಲ್ಲ, ಅದೇ ಖಂಡಪ್ಪನಿಗೆ ಹೆಚ್ಚು ನೋವು ಕೊಟ್ಟಿತು.

ಖಂಡಪ್ಪ ಜೇವರ್ಗಿಗೆ ಹೋದ. ಗುಜರಿ ಅಂಗಳದಲ್ಲಿ ಮೊಣಕಾಲೂರಿ, ಸುಡುವ ಬಿಸಿಲಿನಲ್ಲಿ ಕಬ್ಬಿಣದ ಗುಡ್ಡೆ ಕೆದಕಿದ. ಹಲ್ಲುಪಟ್ಟಿಗಳು ಐದು ಸಿಕ್ಕವು. ಎರಡು ಬಲಕ್ಕೆ ಸವೆದಿದ್ದವು, ಎರಡು ತುಂಡಾಗಿದ್ದವು, ಒಂದು ಯಾರೂ ಮುಟ್ಟಿಯೇ ಇಲ್ಲವೆಂಬಂತೆ ಹೊಸದಾಗಿತ್ತು. ಇಪ್ಪತ್ತಾರು ವರ್ಷ ಒಬ್ಬಳೇ ಹೆಂಗಸು ತುಳಿದು ಸವೆಸಿದ ಹಲ್ಲು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಎಂದು ಅವನಿಗೆ ಆಗ ತಿಳಿಯಿತು. ತಡವಾಗಿ ತಿಳಿಯಿತು.

ಭಾನುವಾರ ಬೆಳಿಗ್ಗೆ ಕಾಶಿಬಾಯಿ ಖಣ ಹಿಡಿದು ಮಷೀನಿನ ಮುಂದೆ ಸುಮ್ಮನೆ ಕೂತಿದ್ದಳು. ಖಂಡಪ್ಪ ಸಣ್ಣ ಮಣೆಯೊಂದನ್ನು ತಂದು ಅವಳ ಎಡಕ್ಕೆ ಹಾಕಿ ಕೂತ.

"ನೀ ಹೊಲಿ. ನಾ ಎಡಕ ಜಗ್ತೇನಿ," ಎಂದ.

ಅವಳು ಅವನ ಮುಖ ನೋಡಿದಳು. "ಹಲ್ಲು ಜಗ್ಗಿದಷ್ಟಽ ಜಗ್ಗರಿ. ಕೆಟ್ಟ ನಿಂತ ಬಸ್ಸು ಜಗ್ಗಿದಂಗ ಜಗ್ಗಬ್ಯಾಡ್ರಿ," ಎಂದು ಮೆಟ್ಟಿನ ಮೇಲೆ ಕಾಲಿಟ್ಟಳು.

ಮೊದಲು ಹಳೆಯ ಚಿಂದಿಯ ಮೇಲೆ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಬಲಕ್ಕೆ ಜಗ್ಗಿದಷ್ಟನ್ನು ಇವನು ಎಡಕ್ಕೆ ಜಗ್ಗಿ, ಹೊಲಿಗೆ ಗೆರೆ ಹಾಕಿದಂತೆ ಬರತೊಡಗಿತು. ಆಮೇಲೆ ಖಣ ಹಿಡಿದರು. ಅಷ್ಟು ಹತ್ತಿರದಿಂದ ಖಂಡಪ್ಪ ಹೆಂಡತಿಯ ಬಲಗೈಯನ್ನು ನೋಡಿದ್ದು ಅದೇ ಮೊದಲು. ಹೆಬ್ಬೆರಳು ಒಂದು ಮಗ್ಗುಲಿಗೆ ಸವೆದು ನುಣುಪಾಗಿತ್ತು. ರಾತ್ರಿ ಬಲಭುಜಕ್ಕೆ ಅವಳು ಮುಲಾಮು ತಿಕ್ಕಿಕೊಳ್ಳುವಾಗೆಲ್ಲ "ಮಗ್ಗಲ ಬದಲಿಸಿ ಮಲಗು" ಎಂದು ಉಪದೇಶ ಮಾಡಿದ್ದು ನೆನಪಾಗಿ ಅವನಿಗೆ ತುಂಬ ಕೆಡುಕೆನಿಸಿತು. ಅವನು ಹದವಾಗಿ ಜಗ್ಗುತ್ತ ಕೂತ.

ಸೋಮವಾರ ಗೊಬ್ಬೂರಿನಲ್ಲಿ ಶಿವಗಂಗಾ ಹಸಿರು ಕುಬಸದಲ್ಲಿ ಕಂಗೊಳಿಸಿದಳು. ಅದಕ್ಕೆ ಮೊದಲು, ನಿರೀಕ್ಷೆಯಂತೆ, ಸುಂದರಬಾಯಿ ಅದನ್ನು ತಿರುವಿ ನೋಡಿದ್ದಳು. ತೂತುಗಳ ಮೇಲೆ ಕಾಶಿಬಾಯಿ ಕೆಂಪು ಅಂಚು ಕೂಡಿಸಿದ್ದಳು.

"ತೋಳಿಗಿ ಅಂಚು ಛಂದ ಹಚ್ಚೀರಿ. ಹೊಲಿಗಿನೂ ನೆಟ್ಟಗ ಅದ. ಹೊಸಾ ಮಷೀನ್ ತಂದೀರೇನ್ರಿ?"

"ಇಲ್ರಿ ಬೀಗತಿ. ಮಷೀನು ನಮ್ಮವ್ವಂದೇ. ಹಲ್ಲು ಮಾತ್ರ ಬದಲ ಆಗ್ಯದ," ಎಂದು ಕಾಶಿಬಾಯಿ ಗಂಡನತ್ತ ಓರೆಯಾಗಿ ನೋಡಿದಳು. ಖಂಡಪ್ಪ ಹೋಳಿಗೆಯ ಕಡೆಗೆ ಗಮನ ಕೊಟ್ಟ.

ಬುಧವಾರ ಏಜಾಜನ ಫೋನು ಬಂತು. ಹಳೆಯ ಹಲ್ಲುಪಟ್ಟಿ ಜೇವರ್ಗಿಗೆ ಹೋಗಿರಲೇ ಇಲ್ಲ, ಡಬ್ಬಿಯ ತಳದ ಗ್ರೀಸಿಗೆ ಅಂಟಿಕೊಂಡು ಉಳಿದಿತ್ತು. ಖಂಡಪ್ಪ ಆಳಂದಕ್ಕೆ ಹೋಗಿ ಅದನ್ನು ತಂದು, ಏದುಸಿರು ಬಿಡುತ್ತ ಹೆಂಡತಿಯ ಅಂಗೈಯಲ್ಲಿ ಇಟ್ಟ. ಇನ್ನು ಜಗ್ಗುತ್ತ ಕೂರಬೇಕಿಲ್ಲ, ಮಧ್ಯಾಹ್ನದ ನಿದ್ದೆ ಮರಳಿ ಬಂತೆಂದೇ ಅವನ ಭಾವನೆ.

"ಈಗಽ ಕೂಡಿಸಿ ಕೊಡ್ತೇನಿ, ಅತ್ತಾಗ ಸರಿ."

ಕಾಶಿಬಾಯಿ ಅದನ್ನು ತಿರುವಿ ನೋಡಿ, ಸವೆದ ಮಗ್ಗುಲಿನ ಮೇಲೆ ಬೆರಳಾಡಿಸಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

"ಇರ್ಲಿ ಬಿಡ್ರಿ. ನಿಮ್ಮ ಕೈ ಈಗ ಹದಕ್ಕ ಬಂದದ. ಇಪ್ಪತ್ತಾರು ವರ್ಷ ನಾ ಒಬ್ಬಾಕಿನೇ ಜಗ್ಗೇನಿ," ಎಂದಳು. ಆಮೇಲೆ ಓಣಿಯವರು ಕೊಟ್ಟುಹೋದ ಎಂಟು ಜಂಪರು ಎತ್ತಿಕೊಂಡು ಮಷೀನಿನ ಮುಂದೆ ಕೂತು, ಮಣೆಯನ್ನು ಕಾಲಿನಿಂದ ಎಡಕ್ಕೆ ಸರಿಸಿದಳು.

ಖಂಡಪ್ಪ ಒಮ್ಮೆ ತನ್ನ ಮಂಚದ ಕಡೆ ನೋಡಿದ. ಆಮೇಲೆ ಬಂದು ಮಣೆಯ ಮೇಲೆ ಕೂತು, ಬಟ್ಟೆಯ ಎಡತುದಿ ಹಿಡಿದ.