ಊಟದ ಹೊತ್ತಿಗೇ ಡಿಕ್ಕಿ ಹೊಡೆಯುವ ನಕ್ಷತ್ರಗಳು

ವಿಜ್ಞಾನಿ: ಅದು ಆಕಾಶದ್ದಲ್ಲ ಸಾರ್. ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?

ನಿರ್ದೇಶಕರು: ನೀವೇ ಅಲ್ವೇನಮ್ಮ ಪಾಠ ಹೇಳಿದ್ದು? ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿ ಹೊಡೆದ್ರೆ ಚಿನ್ನ, ಅಯೋಡಿನ್ ಎಲ್ಲ ಹುಟ್ಟುತ್ತೆ, ಅದರಲ್ಲಿ ವಿಕಿರಣ ಇರೋವು ಗಾಮಾ ಕಿರಣ ಬಿಡ್ತವೆ, ಒಂದೊಂದಕ್ಕೂ ಒಂದೊಂದು ಗುರುತು ಅಂತ. ಅಯೋಡಿನ್ ಗುರುತು ಕಂಪ್ಯೂಟರಲ್ಲಿ ಕೂತಿದೆ. ಇನ್ನೇನು, ನಕ್ಷತ್ರಾನೇ ಬಂದು ಸಾಕ್ಷಿ ಹೇಳಬೇಕಾ?

ವಿಜ್ಞಾನಿ: ಆಕಾಶದ ಗಾಮಾ ಕಿರಣ ಗಾಳಿ ದಾಟಿ ನೆಲ ಮುಟ್ಟಲ್ಲ. ಅದಕ್ಕೇ ತಾನೇ ಕಿರಣ ಹಿಡಿಯೋ ಈ ಯಂತ್ರಾನ ಬಲೂನಿಗೆ ಕಟ್ಟಿ ಮೇಲೆ ಬಿಡಬೇಕು ಅಂತಿರೋದು? ಇದಿನ್ನೂ ಮೇಜು ಬಿಟ್ಟು ಎದ್ದಿಲ್ಲ!

ನಿರ್ದೇಶಕರು: ಈಗ ಬರೋ ಪತ್ರಿಕೆಯವರಿಗೆ ಮೇಜು ಯಾಕೆ ತೋರಿಸ್ತೀರಿ?

ವಿಜ್ಞಾನಿ: ಮೂರು ದಿನದಿಂದ ಊಟದ ಹೊತ್ತಿಗೇ ಬರ್ತಿದೆ. ನಕ್ಷತ್ರಗಳಿಗೂ ಗಂಟೆ ಹೊಡೀತಾರಾ?

ನಿರ್ದೇಶಕರು: ನಿಮ್ಮ ಹೆಸರಲ್ಲೇ ಘೋಷಣೆ. ಒಪ್ಪಿದ್ರೆ ಬಲೂನು ಹಾರುತ್ತೆ. ಇಲ್ಲಾಂದ್ರೆ ನಿಮ್ಮ ಯಂತ್ರ ಗುಜರಿಗೆ.

ಹೊರಗೆ ಕುರ್ಚಿ ಎಳೆಯುವ ಸದ್ದು. ಈ ಸಂಸ್ಥೆಯಲ್ಲಿ ಸತ್ಯಕ್ಕಿಂತ ಮೊದಲು ಕುರ್ಚಿಗಳು ಬರುತ್ತವೆ. ಅಷ್ಟರಲ್ಲಿ ವಿಜ್ಞಾನಿಯ ಅತ್ತೆ, ಅಂದರೆ ಗಂಡನ ತಾಯಿ, ಊಟದ ಡಬ್ಬಿ ಹಿಡಿದು ಒಳಬಂದರು. ಕಂಪ್ಯೂಟರಿನ ಗೆರೆ ಗುಡ್ಡದಂತೆ ಎದ್ದಿತು.

ನಿರ್ದೇಶಕರು: ಬಂತು! ಡಿಕ್ಕಿ!

ವಿಜ್ಞಾನಿ: ಅತ್ತೆ, ಸ್ವಲ್ಪ ಆಚೆ ಹೋಗಿ.

ಅತ್ತೆ: ಬಂದವಳಿಗೆ ಇದೇ ಮರ್ಯಾದೆ.

ಅವರು ಹೊರಹೋದರು, ಗುಡ್ಡ ಕುಸಿಯಿತು. ಒಳಬಂದರು, ಎದ್ದಿತು.

ವಿಜ್ಞಾನಿ: ಅತ್ತೆ, ಆಸ್ಪತ್ರೆಗೆ ಹೋಗಿದ್ರಾ?

ಅತ್ತೆ: ಥೈರಾಯ್ಡಿಗೆ ಏನೋ ಅಯೋಡಿನ್ ನುಂಗಿಸಿದ್ರು. ಕೆಲವು ದಿನ ಮಕ್ಕಳ ಹತ್ರ ಹೋಗಬೇಡಿ, ಮೈಯಿಂದ ಕಿರಣ ಬರುತ್ತೆ ಅಂದ್ರು.

ವಿಜ್ಞಾನಿ: ಅದಕ್ಕಾ ರಾತ್ರಿ ಬಾಗಿಲು ಹಾಕ್ಕೊಂಡು ಕೂರ್ತಿದ್ದಿದ್ದು? ನನ್ನ ಮೇಲೆ ಮುನಿಸು ಅಂದ್ಕೊಂಡೆ!

ಅತ್ತೆ: ಮುನಿಸೂ ಇತ್ತು, ಅದು ಬೇರೆ. ಹೇಳಿದ್ರೆ ನೀನು ಮಗೂನ ನಿನ್ನ ತವರಿಗೆ ಸಾಗಿಸ್ತಿದ್ದೆ. ಬಾಗಿಲ ಸಂದೀಲಾದ್ರೂ ಅದರ ನಗು ಕೇಳ್ತಿತ್ತು. ಊಟದ ಹೊತ್ತಿಗೆ ಡಬ್ಬಿ ನೆಪದಲ್ಲಿ ಇಲ್ಲಿ ಬಂದು ದೂರದಲ್ಲಿ ಕೂತಿರ್ತಿದ್ದೆ. ಯಂತ್ರಕ್ಕೇನು ಮಕ್ಕಳಾ ಮರಿಯಾ?

ವಿಜ್ಞಾನಿ: ಹೇಳಬಾರದಿತ್ತಾ ಅತ್ತೆ…

ನಿರ್ದೇಶಕರು ಅಷ್ಟರಲ್ಲಿ ಮೂಲೆಯ ಗೋಡೆಗೆ ಬೆನ್ನು ಹಚ್ಚಿದ್ದರು. ಆದರೆ ಮೆದುಳು ಮುಂದಕ್ಕೇ ಓಡುತ್ತಿತ್ತು.

ನಿರ್ದೇಶಕರು: ಅಮ್ಮಾ, ಒಂದು ಉಪಕಾರ. ಪತ್ರಿಕೆಯವರು ಹೋಗೋ ತನಕ ಆ ಬೀರು ಹಿಂದೆ ಸುಮ್ಮನೆ ಕೂತಿರ್ತೀರಾ? ಗುಡ್ಡ ಎದ್ದರೆ ಸಾಕು.

ವಿಜ್ಞಾನಿ: ಬೇಡ ಅತ್ತೆ. ಬಲೂನು ಹಾರದಿದ್ರೆ ಹಾರದೇ ಇರಲಿ. ನನ್ನ ಹೆಸರಲ್ಲಿ ಸುಳ್ಳು ಹಾರೋದು ಬೇಡ.

ಅತ್ತೆ: ನೀನು ಸುಮ್ನಿರು. ಕೂರ್ತೀನಿ ಸ್ವಾಮಿ.

ನಿರ್ದೇಶಕರು: ದೊಡ್ಡ ಮನಸ್ಸು ತಾಯಿ, ದೊಡ್ಡ ಮನಸ್ಸು!

ಅತ್ತೆ: ಬೀರು ಹಿಂದೆ ಅಲ್ಲ, ಮುಂದಿನ ಸಾಲಲ್ಲಿ. ಎಲ್ಲಿ ಆ ನಕ್ಷತ್ರ ಅಂತ ಅವರು ಕೇಳಿದ ತಕ್ಷಣ ನಾನೇ ಎದ್ದು ನಿಂತ್ಕೋತೀನಿ.